ಆಕಾಶಮಾರ್ಗದಲ್ಲಿ ವಿಷಪದಾರ್ಥಗಳ ಸಾಗಣೆ: ಕೆಲಸಗಾರರ ತರಬೇತೂ ಗ್ರಾಮಸ್ಥರ ಹೊಣೆಯೂ

ಚಾಮರಾಜನಗರದ ತಾಲ್ಲೂಕಿಗೆ ಸೇರಿದ ಉಮ್ಮತ್ತೂರು ಚರಿತ್ರಪ್ರಸಿದ್ಧವಾದ ಗ್ರಾಮ. ವಿಜಯನಗರದ ಶ್ರೀಕೃಷ್ಣದೇವರಾಯನು ಪಟ್ಟಕ್ಕೆ ಬಂದ ಹೊಸದರಲ್ಲಿಯೇ ದಂಡೆತ್ತಿ ಬಂದು ಜಯಿಸಿದುದು ಈ ಊರಿನ ಪಾಳೆಯಗಾರನಾದ ಗಂಗರಾಜನನ್ನು. ಆ ಕಾಲದಲ್ಲಿ ಊರಿನ ಹಿರಿಯರು ಕಾಯಬೇಕಾಗಿದ್ದುದು ಕೋಟೆಯ ಬಾಗಿಲನ್ನು. ಈಗಲಾದರೋ ಹೊಲದ ಮೇಲಣ ಆಕಾಶವನ್ನೂ ಗಮನಿಸಬೇಕಾದ ಕಾಲವು ಒದಗಿದೆ. ಬೆಳೆಗೆ ಔಷಧಿ ಹೊಡೆಯುವ, ಚಾಲಕನಿಲ್ಲದ ಚಿಕ್ಕ ವಿಮಾನಗಳು ಅಥವಾ ಡ್ರೋನ್‌ಗಳು ನಮ್ಮ ನಾಡಿನ ಹಳ್ಳಿಗಳಿಗೆ ಬರತೊಡಗಿವೆ. ಅವುಗಳ ತೊಟ್ಟಿಯಲ್ಲಿರುವುದು ನೀರಲ್ಲ, ವಿಷ. ಆದುದರಿಂದ ಅವುಗಳ ಕೆಲಸವನ್ನು ಬೆಳೆಯ ಲಾಭನಷ್ಟದ ದೃಷ್ಟಿಯಿಂದ ಮಾತ್ರ ನೋಡಿದರೆ ಸಾಲದು. ಅಪಾಯಕರವಾದ ಪದಾರ್ಥವನ್ನು ಆಕಾಶಮಾರ್ಗವಾಗಿ ಸಾಗಿಸುವ ಕೆಲಸವೆಂದೇ ಅದನ್ನು ಭಾವಿಸತಕ್ಕದ್ದು. ಈ ಕೆಲಸಕ್ಕೆ ತರಬೇತು ಏಕೆ ಬೇಕು, ಆ ತರಬೇತಿನಲ್ಲಿ ಏನಿರಬೇಕು, ಗ್ರಾಮದ ಯಜಮಾನರೂ ಜಮೀನಿನ ಮಾಲೀಕರೂ ಏನನ್ನು ವಿಚಾರಿಸಿಕೊಳ್ಳಬೇಕು ಎಂಬುದನ್ನು ವಾಚಕ ಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಪಾಯಕರ ಸರಕು ಎಂದರೇನು?

ವಿಮಾನದಲ್ಲಿ ಸಾಗಿಸುವಾಗ ಅಪಾಯವನ್ನುಂಟುಮಾಡಬಲ್ಲ ಸರಕುಗಳನ್ನು ಜಗತ್ತಿನಾದ್ಯಂತ ಒಂಬತ್ತು ವರ್ಗಗಳಾಗಿ ವಿಂಗಡಿಸಿರುತ್ತಾರೆ. ಸಿಡಿಯುವ ಮದ್ದುಗಳು, ಅನಿಲಗಳು, ಹೊತ್ತಿಕೊಳ್ಳುವ ದ್ರವಗಳು, ಹೊತ್ತಿಕೊಳ್ಳುವ ಘನಪದಾರ್ಥಗಳು, ಬೆಂಕಿಗೆ ಆಮ್ಲಜನಕವನ್ನೊದಗಿಸಿ ಉರಿಯನ್ನು ಹೆಚ್ಚಿಸುವ ಪದಾರ್ಥಗಳು, ವಿಷಗಳೂ ರೋಗಕಾರಕ ವಸ್ತುಗಳೂ, ವಿಕಿರಣ ಪದಾರ್ಥಗಳು, ಆಮ್ಲ ಮೊದಲಾದ ಕೊರೆಯುವ ಪದಾರ್ಥಗಳು, ಕೊನೆಯದಾಗಿ ಇವಾವುದಕ್ಕೂ ಸೇರದ ಇತರ ಅಪಾಯಕರ ವಸ್ತುಗಳು. ನಾವು ಬೆಳೆಗೆ ಬಳಸುವ ಕೀಟನಾಶಕಗಳಲ್ಲಿ ಹಲವು ಆರನೆಯ ವರ್ಗದ ವಿಷಗಳು. ಡ್ರೋನನ್ನು ನಡೆಸುವ ಲಿಥಿಯಂ ಬ್ಯಾಟರಿಯು ಒಂಬತ್ತನೆಯ ವರ್ಗಕ್ಕೆ ಸೇರಿದುದು.

ಇವೆಲ್ಲವೂ ಕಾರ್ಖಾನೆಯ ಮಾತು, ರೈತರಿಗೆ ಸಂಬಂಧವಿಲ್ಲ ಎಂದು ಎಣಿಸುವುದು ತಪ್ಪು. ನಮ್ಮ ಅಡಿಗೆಮನೆಯ ಒಣಕೊಬ್ಬರಿಯೂ ಈ ಪಟ್ಟಿಯಲ್ಲಿದೆ. ಎಣ್ಣೆಯಂಶ ಹೆಚ್ಚಾದುದರಿಂದ ರಾಶಿಯಲ್ಲಿ ಅದು ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಹುದೆಂದು ಅದನ್ನು ನಾಲ್ಕನೆಯ ವರ್ಗದಲ್ಲಿ ಎಣಿಸಿದ್ದಾರೆ. ಎಣ್ಣೆ ಉಳಿದ ಹಿಂಡಿಯೂ ಅದೇ ವರ್ಗದ್ದು. ನೀರು ತಗುಲಿದೊಡನೆ ಕುದಿಯುವ ಸುಟ್ಟ ಸುಣ್ಣವು ಎಂಟನೆಯ ವರ್ಗದ್ದು. ನೆಲದ ಮೇಲೆ ನಿರುಪದ್ರವಿಯಾಗಿ ತೋರುವ ವಸ್ತುವು ಗಾಳಿಯಲ್ಲಿ ಹಾಗಿರುವುದಿಲ್ಲ. ಗಾಡಿಗೆ ಬೆಂಕಿ ತಗುಲಿದರೆ ಎತ್ತನ್ನು ಬಿಚ್ಚಿ ದೂರ ಸರಿಯಬಹುದು. ವಿಮಾನದಲ್ಲಿ ಸರಿಯುವುದಕ್ಕೆ ಜಾಗವಿಲ್ಲ.

ಎರಡು ದುರಂತಗಳ ಪಾಠ

ತರಬೇತಿಲ್ಲದ ಕೈಗಳಿಂದ ಎಂತಹ ಅನಾಹುತವಾಗಬಲ್ಲುದೆಂಬುದಕ್ಕೆ ಅಮೆರಿಕಾ ದೇಶದ ಎರಡು ನಿದರ್ಶನಗಳನ್ನು ಹೇಳಬಹುದು. 1973ನೆಯ ಇಸವಿ ನವೆಂಬರ್ 3ರಂದು ಸರಕಿನ ವಿಮಾನವೊಂದರಲ್ಲಿ ನೈಟ್ರಿಕ್ ಆಮ್ಲದ ಸೀಸೆಗಳನ್ನು ಸಾಗಿಸುತ್ತಿದ್ದರು. ಸೀಸೆಗಳ ಸುತ್ತ ಉರಿಯದ ವಸ್ತುವನ್ನು ತುಂಬುವುದಕ್ಕೆ ಬದಲಾಗಿ ಮರದ ಹೊಟ್ಟನ್ನು ತುಂಬಿದ್ದರು. ಆಮ್ಲವು ಸೋರಿ ಹೊಟ್ಟಿಗೆ ತಗುಲಿತು. ಹೊಗೆಯು ಚಾಲಕರ ಕೋಣೆಯನ್ನು ತುಂಬಿತು. ವಿಮಾನವು ಬೋಸ್ಟನ್ ನಗರದ ನಿಲ್ದಾಣದಲ್ಲಿ ಇಳಿಯುವ ಯತ್ನದಲ್ಲಿ ಬಿದ್ದು, ಅದರಲ್ಲಿದ್ದ ಮೂವರೂ ಮಡಿದರು.

ಎರಡನೆಯದು 1996ನೆಯ ಇಸವಿ ಮೇ 11ರಂದು ಮಯಾಮಿ ನಗರದಿಂದ ಹೊರಟ ಪ್ರಯಾಣಿಕರ ವಿಮಾನದ್ದು. ಆಮ್ಲಜನಕವನ್ನುಂಟುಮಾಡುವ ಹಳೆಯ ಡಬ್ಬಿಗಳನ್ನು ಅದರಲ್ಲಿ ಸರಕಾಗಿ ಹೇರಿದ್ದರು. ಡಬ್ಬಿಗಳಿಗೆ ರಕ್ಷಣೆಯ ಮುಚ್ಚಳಗಳನ್ನು ಹಾಕಿರಲಿಲ್ಲ. ಕಾಗದದಲ್ಲಿ ಮಾತ್ರ ಅವು ಖಾಲಿ ಎಂದು ಬರೆದಿತ್ತು. ಡಬ್ಬಿಗಳು ಕಾವೇರಿ ಬೆಂಕಿಯೆದ್ದು 110 ಜನರೂ ಅಸುನೀಗಿದರು. ಈ ಎರಡರಲ್ಲಿಯೂ ಹಾರಾಟದ ಮೊದಲೇ, ನೆಲದ ಮೇಲೆಯೇ, ಕಟ್ಟುವವನೂ ಬರೆಯುವವನೂ ತಮ್ಮ ಕೈಯಲ್ಲಿರುವುದೇನೆಂದು ಅರಿಯದೆ ಮಾಡಿದ ಕೆಲಸದಿಂದ ಅನರ್ಥವು ಮೊದಲಾಯಿತು ಎಂಬುದನ್ನು ಗಮನಿಸಬೇಕು.

ವಿಮಾನ ನಿಲ್ದಾಣಗಳಲ್ಲಿ ಕೊಡುವ ತರಬೇತು

ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘವು ಅಪಾಯಕರ ಸರಕುಗಳ ನಿಯಮಾವಳಿಯನ್ನು 1956ರಲ್ಲಿ ಮೊದಲು ಪ್ರಕಟಿಸಿತು. ನಮ್ಮ ದೇಶದಲ್ಲಿ ಇದಕ್ಕಾಗಿಯೇ ಪ್ರತ್ಯೇಕವಾದ ನಿಯಮಗಳು 2003ರಲ್ಲಿ ಹೊರಟವು. ಈ ನಿಯಮಗಳ ಮುಖ್ಯ ತತ್ವವೇನೆಂದರೆ, ಸರಕು ಯಾರ ಯಾರ ಕೈಯನ್ನು ದಾಟುವುದೋ ಅವರೆಲ್ಲರೂ ತರಬೇತಾದವರಾಗಿರಬೇಕು. ಕಟ್ಟುವವರು, ಕಾಗದಪತ್ರ ಬರೆಯುವವರು, ಸರಕನ್ನು ಒಪ್ಪಿಕೊಳ್ಳುವವರು, ಹೇರುವ ಆಳುಗಳು, ತಪಾಸಣೆಯವರು, ವಿಮಾನದ ಪರಿಚಾರಕರು, ಚಾಲಕರು, ಹೀಗೆ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ತಕ್ಕಷ್ಟು ಕಲಿತಿರಬೇಕು. ಒಮ್ಮೆ ಕಲಿತರೆ ಮುಗಿಯಲಿಲ್ಲ. 24 ತಿಂಗಳೊಳಗಾಗಿ ಪುನಃ ತರಬೇತು ಪಡೆದು ತಮ್ಮ ಯೋಗ್ಯತೆಯನ್ನು ತೋರಿಸಬೇಕು.

ಅವರು ಕಲಿಯುವುದೇನೆಂದರೆ, ಪದಾರ್ಥವನ್ನು ಅದರ ಸರಿಯಾದ ಹೆಸರಿನಿಂದಲೂ ಸಂಖ್ಯೆಯಿಂದಲೂ ಗುರುತಿಸುವುದು, ತಕ್ಕ ಕಟ್ಟನ್ನು ಆರಿಸುವುದು, ಅಪಾಯದ ಚೀಟಿಯನ್ನು ಅಂಟಿಸುವುದು, ಒಂದರೊಡನೊಂದು ಸೇರಬಾರದ ಸರಕುಗಳನ್ನು ಬೇರೆಬೇರೆಯಾಗಿಡುವುದು, ಯಾವ ಸರಕು ಎಲ್ಲಿದೆಯೆಂಬುದನ್ನು ಚಾಲಕನಿಗೆ ಬರೆದು ತಿಳಿಸುವುದು, ಸೋರಿದರೆ ಮಾಡತಕ್ಕ ಕ್ರಮ. ಸರಕಿನ ನಿಜವಾದ ಗುಣವನ್ನು ಹೇಳುವ ಮೊದಲ ಹೊಣೆಯು ಅದನ್ನು ಕಳುಹಿಸುವವನದೇ. ಆದುದರಿಂದ ಔಷಧಿಯ ಸೀಸೆಯನ್ನಾಗಲಿ ಬ್ಯಾಟರಿಯನ್ನಾಗಲಿ ಬಟ್ಟೆಯ ಗಂಟಿನಲ್ಲಿ ಸುತ್ತಿ, ಒಳಗಿರುವುದೇನೆಂದು ಹೇಳದೆ ಪಾರ್ಸಲ್ ಕಳುಹಿಸುವ ಅಭ್ಯಾಸವನ್ನು ನಮ್ಮವರು ಬಿಡಬೇಕು.

ಕೃಷಿಯಲ್ಲಿ ಕಂಡ ಅನರ್ಥಗಳು

ನಮ್ಮ ದೇಶದಲ್ಲಿ ಬೆಳೆಯ ಔಷಧಿಗಳ ಬಗ್ಗೆ ಕಾನೂನು ಹುಟ್ಟಿದುದೂ ಒಂದು ಸಾಗಣೆಯ ದೋಷದಿಂದಲೇ. 1958ರಲ್ಲಿ ಫಾಲಿಡಾಲ್ ಎಂಬ ಕೀಟನಾಶಕವನ್ನು ಆಹಾರಪದಾರ್ಥಗಳೊಡನೆ ಒಂದೇ ಹಡಗಿನಲ್ಲಿ ಹೇರಿದ್ದರು. ಔಷಧಿಯು ಸೋರಿ ಚೀಲಗಳಿಗೆ ಇಳಿಯಿತು. ಆ ಹಿಟ್ಟನ್ನು ತಿಂದು ಕೇರಳದಲ್ಲಿ ನೂರಕ್ಕೆ ಮೇಲ್ಪಟ್ಟ ಜನರು ಪ್ರಾಣಬಿಟ್ಟರು. ವಿಚಾರಣೆ ನಡೆದು, ಕಡೆಗೆ 1968ರ ಕೀಟನಾಶಕ ಕಾಯಿದೆಯೂ 1971ರ ನಿಯಮಾವಳಿಯೂ ಬಂದವು. ಕೀಟನಾಶಕವು ಆಹಾರಕ್ಕಾಗಲಿ ಪಶುಗಳ ಮೇವಿಗಾಗಲಿ ತಗುಲುವಂತೆ ಸಾಗಿಸಲೂಬಾರದು, ಶೇಖರಿಸಲೂಬಾರದು ಎಂದು ಅವುಗಳಲ್ಲಿ ವಿಧಿಸಿದೆ. ಸಂತೆಯಿಂದ ಬರುವಾಗ ಒಂದೇ ಚೀಲದಲ್ಲಿ ಔಷಧಿಯ ಸೀಸೆಯನ್ನೂ ಮಕ್ಕಳ ತಿಂಡಿಯನ್ನೂ ಇಟ್ಟು ತರುವವರು ಈ ಮಾತನ್ನು ಮರೆಯಬಾರದು.

ಔಷಧಿಯನ್ನು ಆಕಾಶದಿಂದ ಎರಚಿದುದರ ಫಲವನ್ನು ಕಂಡುಂಡವರು ಕಾಸರಗೋಡು ಸೀಮೆಯ ಜನ. ಅಲ್ಲಿಯ ಗೇರುತೋಟಗಳ ಮೇಲೆ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು, 2000ನೆಯ ಇಸವಿಯವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಔಷಧಿಯನ್ನು ಸಿಂಪಡಿಸುತ್ತಿದ್ದರು. ತೋಟಗಳಿದ್ದುದು ಗುಡ್ಡದ ಮೇಲೆ. ಎಣ್ಮಕಜೆಯ ಪಡ್ರೆ ಮೊದಲಾದ ಕಡೆಗಳಲ್ಲಿ ಕನ್ನಡ ಮಾತನಾಡುವ ಒಕ್ಕಲುಗಳ ಮನೆಗಳೂ, ಕುಡಿಯುವ ನೀರನ್ನು ಕೊಡುವ ಸುರಂಗಗಳೂ ತೋಡುಗಳೂ ಇದ್ದುದು ಅದರ ಕೆಳಗಿನ ಕಣಿವೆಯಲ್ಲಿ. ಗಾಳಿಯು ಹೊತ್ತುದೂ ಮಳೆಯು ತೊಳೆದುದೂ ಕೆಳಗೇ ಬಂದಿತು. ದನಗಳಿಗೆ ಅಂಗವಿಕಲವಾದ ಕರುಗಳು ಹುಟ್ಟುತ್ತಿರುವುದನ್ನು ಕೃಷಿ ಪತ್ರಕರ್ತರಾದ ಶ್ರೀಪಡ್ರೆಯವರು ಮೊದಲಿಗೇ ಬರೆದು ಎಚ್ಚರಿಸಿದರು. ಮಕ್ಕಳಲ್ಲಿ ಬುದ್ಧಿಮಾಂದ್ಯ, ನರಗಳ ರೋಗ ಮುಂತಾದುವು ಹೆಚ್ಚಾಗಿರುವುದನ್ನು ಅಲ್ಲಿಯೇ ವೈದ್ಯವೃತ್ತಿಯಲ್ಲಿದ್ದ ಡಾಕ್ಟರ್ ವೈ. ಎಸ್. ಮೋಹನಕುಮಾರರು ಗುರುತಿಸಿದರು. ನಮ್ಮ ದಕ್ಷಿಣ ಕನ್ನಡದ ಬೆಳ್ತಂಗಡಿ, ಪುತ್ತೂರು ಕಡೆಯ ಗೇರುತೋಟಗಳ ಸುತ್ತಲಿನ ಕೊಕ್ಕಡ ಮೊದಲಾದ ಗ್ರಾಮಗಳೂ ಇದೇ ದುಃಖವನ್ನು ಅನುಭವಿಸಿದವು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಈ ಔಷಧಿಯ ತಯಾರಿಕೆಯನ್ನೂ ಮಾರಾಟವನ್ನೂ ಬಳಕೆಯನ್ನೂ ನಿಲ್ಲಿಸಿತು. 2017ರಲ್ಲಿ ನೊಂದವರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆಜ್ಞೆ ಮಾಡಿತು.

ವಿಮಾನದಿಂದ ಸಿಂಪಡಿಸುವವರು ಪಾಲಿಸತಕ್ಕ ಕ್ರಮವು ಆ ಹೊತ್ತಿಗೆ ಕಾನೂನಿನಲ್ಲಿ ಇಲ್ಲದೆ ಇರಲಿಲ್ಲ. 1971ರ ನಿಯಮಾವಳಿಯ 43ನೆಯ ನಿಯಮವು ಇದಕ್ಕಾಗಿಯೇ ಬರೆದದ್ದು. ಸಿಂಪಡಿಸುವ ಪ್ರದೇಶವನ್ನು ಗುರುತು ಮಾಡಬೇಕು. ಒಪ್ಪಿಗೆಯಾದ ಔಷಧಿಯನ್ನು ಒಪ್ಪಿಗೆಯಾದ ಪ್ರಮಾಣದಲ್ಲಿಯೂ ಎತ್ತರದಲ್ಲಿಯೂ ಮಾತ್ರ ಬಳಸಬೇಕು. ತೊಳೆದುಕೊಳ್ಳುವುದಕ್ಕೂ ಪ್ರಥಮ ಚಿಕಿತ್ಸೆಗೂ ಸೌಕರ್ಯವಿರಬೇಕು. ಕನಿಷ್ಠ 24 ಗಂಟೆಗಳ ಮುಂಚೆ ಸಾರ್ವಜನಿಕರಿಗೆ ತಿಳಿಸಬೇಕು. ಸಂಬಂಧವಿಲ್ಲದ ಜನರನ್ನೂ ಪ್ರಾಣಿಗಳನ್ನೂ ಗೊತ್ತಾದ ಅವಧಿಯವರೆಗೆ ಒಳಗೆ ಬಿಡಬಾರದು. ವಿಮಾನ ನಡೆಸುವವರು ಔಷಧಿಯಿಂದ ಮನುಷ್ಯನ ದೇಹಕ್ಕಾಗುವ ವಿಕಾರಗಳನ್ನೂ ಒಳಗೊಂಡ ವಿಶೇಷ ತರಬೇತನ್ನು ಹೊಂದಬೇಕು. ನಿಯಮವು ಪುಸ್ತಕದಲ್ಲಿತ್ತು, ಊರಿನವರಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೆ ಕೇಳುವವರಿರುತ್ತಿದ್ದರು.

ಡ್ರೋನ್ ನಡೆಸುವವರ ತರಬೇತು

ದೊಡ್ಡ ವಿಮಾನದ ಜಾಗಕ್ಕೆ ಈಗ ಡ್ರೋನ್ ಬಂದಿದೆ. ಕೇಂದ್ರ ಸರ್ಕಾರವು 2021ರ ಆಗಸ್ಟ್ 25ರಂದು ಹೊರಡಿಸಿದ ಡ್ರೋನ್ ನಿಯಮಗಳ ಪ್ರಕಾರ, ಬೆಳೆಗೆ ಸಿಂಪಡಿಸುವಂತಹ ಯಂತ್ರವನ್ನು ನಡೆಸುವವರು ಅಂಗೀಕೃತ ತರಬೇತು ಸಂಸ್ಥೆಯಲ್ಲಿ ಕಲಿತು ಪ್ರಮಾಣಪತ್ರವನ್ನು ಪಡೆದಿರಬೇಕು. ವಯಸ್ಸು 18ಕ್ಕೆ ಕಡಿಮೆಯಿಲ್ಲದೆ 65ಕ್ಕೆ ಮೀರದೆ ಇರಬೇಕು. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿರಬೇಕು. ಅಪಾಯಕರ ಸರಕನ್ನು ಡ್ರೋನಿನಲ್ಲಿ ಒಯ್ಯುವುದಾದರೆ ಹಿಂದೆ ಹೇಳಿದ 2003ರ ವಿಮಾನ ನಿಯಮಗಳಿಗೆ ಒಳಪಟ್ಟಿರಬೇಕೆಂದೂ ಅದರಲ್ಲಿ ಹೇಳಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ಕೃಷಿ ಮಂತ್ರಾಲಯವು ಡ್ರೋನಿನಿಂದ ಔಷಧಿ ಸಿಂಪಡಿಸುವ ಕ್ರಮವನ್ನು ಪ್ರತ್ಯೇಕವಾಗಿ ಗೊತ್ತುಮಾಡಿತು. 2023ರಲ್ಲಿ ಮಂಜೂರಾದ ಡ್ರೋನ್ ದೀದಿ ಯೋಜನೆಯಲ್ಲಿ ಮಹಿಳೆಯರ ಸ್ವಸಹಾಯ ಸಂಘಗಳಿಗೆ ಯಂತ್ರವನ್ನು ಕೊಡಿಸಿ, ಸಂಘದ ಒಬ್ಬ ಸದಸ್ಯೆಗೆ 15 ದಿನಗಳ ತರಬೇತನ್ನು ಏರ್ಪಡಿಸಿದರು. ಅದರಲ್ಲಿ 5 ದಿನ ಹಾರಿಸುವುದನ್ನು ಕಲಿಯುವುದಕ್ಕೆ. ಉಳಿದ 10 ದಿನ ಗೊಬ್ಬರ, ಔಷಧಿಗಳ ಪ್ರಯೋಗವನ್ನು ಕಲಿಯುವುದಕ್ಕೆ. ಹಾರಿಸುವ ವಿದ್ಯೆಗಿಂತ ಔಷಧಿಯ ವಿದ್ಯೆಗೆ ಎರಡರಷ್ಟು ಕಾಲವನ್ನಿಟ್ಟಿರುವುದು ಅರ್ಥವತ್ತಾಗಿದೆ.

ಇದಕ್ಕೆ ಕಾರಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಕೈಯಿಂದ ಸಿಂಪಡಿಸುವಾಗ ಎಕರೆಗೆ 150ರಿಂದ 200 ಲೀಟರ್ ನೀರು ಬೇಕಾಗುತ್ತದೆ. ಡ್ರೋನಿನಿಂದಾದರೆ ಸುಮಾರು 10 ಲೀಟರ್ ಸಾಕು. ಎಕರೆಗೆ ಬೀಳುವ ಔಷಧಿಯು ಎರಡರಲ್ಲಿಯೂ ಅಷ್ಟೇ ಆಗಿದ್ದರೆ, ಡ್ರೋನಿನ ತೊಟ್ಟಿಯಲ್ಲಿರುವ ದ್ರವವು 15ರಿಂದ 20ರಷ್ಟು ಗಟ್ಟಿಯಾಗಿರುತ್ತದೆ. ಅದರ ಹನಿಗಳೂ ಬಹು ಸಣ್ಣವು. ಹನಿಯು ಸಣ್ಣದಾದಷ್ಟೂ ಗಾಳಿಯು ಅದನ್ನು ದೂರ ಒಯ್ಯುತ್ತದೆ. ಆದುದರಿಂದ ಬೆರೆಸುವಾಗ ಮೈಮೇಲೆ ಚೆಲ್ಲಿಕೊಂಡರೂ, ಪಕ್ಕದ ಹೊಲಕ್ಕೆ ತೇಲಿಹೋದರೂ ಅಪಾಯವು ಹಿಂದಿಗಿಂತ ಅಧಿಕ. ಯಂತ್ರವು ಬಂದುದರಿಂದ ಕೂಲಿಯಾಳು ಬೆನ್ನ ಮೇಲೆ ವಿಷವನ್ನು ಹೊತ್ತು ಅದರ ಮಂಜಿನಲ್ಲಿಯೇ ನಡೆಯುವುದು ತಪ್ಪಿತು. ಇದು ದೊಡ್ಡ ಉಪಕಾರವೇ ಸರಿ. ಆದರೆ ಬೆರೆಸಿ ತುಂಬುವ ಕೆಲಸವು ಮನುಷ್ಯನ ಕೈಯಲ್ಲಿಯೇ ಉಳಿದಿದೆ. ಯಂತ್ರ ನಡೆಸುವವನು ತರಬೇತಾಗಿದ್ದು, ಔಷಧಿ ಬೆರೆಸುವ ಹುಡುಗನು ಏನೂ ಅರಿಯದವನಾಗಿದ್ದರೆ, ಅರ್ಧ ತರಬೇತಾದಂತೆಯೇ ಸರಿ.

ಹಿಪ್ಪುನೇರಳೆಯ ಪಕ್ಕದ ಹೊಲ

ಉಮ್ಮತ್ತೂರಿನ ಸುತ್ತಣ ಸೀಮೆಗೆ ಈ ವಿಷಯವು ವಿಶೇಷವಾಗಿ ಸಂಬಂಧಿಸಿದ್ದು. ಚಾಮರಾಜನಗರದ ಕಡೆ ಅರಿಸಿನ, ಬಾಳೆ, ಕಬ್ಬುಗಳ ಜತೆಯಲ್ಲಿಯೇ ಹಿಪ್ಪುನೇರಳೆಯನ್ನು ಬೆಳೆದು ರೇಷ್ಮೆಹುಳುವನ್ನು ಸಾಕುವ ಒಕ್ಕಲುಗಳುಂಟು. ರೇಷ್ಮೆಹುಳುವೂ ಒಂದು ಕೀಟವೇ ಅಲ್ಲವೆ? ಕೀಟನಾಶಕವು ಕಾಯಿಕೊರಕವನ್ನೂ ಮನೆಯ ಹುಳುವನ್ನೂ ಬೇರ್ಪಡಿಸಿ ನೋಡುವುದಿಲ್ಲ. ಒಬ್ಬರು ತಮ್ಮ ಹೊಲದಲ್ಲಿ ಗಾಳಿಯ ದಿನ ಔಷಧಿಯನ್ನು ಹಾರಿಸಿದರೆಂದೂ, ಗಾಳಿಯ ಕೆಳಗಡೆಯಲ್ಲಿ ನೆರೆಯವರ ಹಿಪ್ಪುನೇರಳೆ ತೋಟವಿದೆಯೆಂದೂ ಭಾವಿಸೋಣ. ಸೊಪ್ಪಿನ ಮೇಲೆ ಬಿದ್ದ ಹನಿಯು ಕಣ್ಣಿಗೆ ಕಾಣದು. ಮರುದಿನ ಬೆಳಗ್ಗೆ ಸೊಪ್ಪನ್ನು ಕೊಯ್ದು, ನಾಲ್ಕನೆಯ ಜ್ವರದಿಂದ ಎದ್ದು ಹಸಿದಿರುವ ಹುಳುಗಳಿಗೆ ಹಾಕುತ್ತಾರೆ. ಹುಳುಗಳು ತಲೆಯೆತ್ತಿ ಒದ್ದಾಡಿ, ದ್ರವವನ್ನು ಕಾರಿ, ಸಾಯುತ್ತವೆ. ಮೊಟ್ಟೆಯೊಡೆದಂದಿನಿಂದ ಹಗಲಿರುಳು ಸಾಕಿ, ಇನ್ನೇನು ಚಂದ್ರಿಕೆಗೆ ಬಿಡಬೇಕೆಂದಿದ್ದ ಬೆಳೆಯು ಒಂದು ಹೊತ್ತಿನಲ್ಲಿ ತಿಪ್ಪೆಗೆ ಹೋಗುತ್ತದೆ. ಸಾಲವು ಉಳಿಯುತ್ತದೆ. ನೆರೆಹೊರೆಯವರಲ್ಲಿ ವೈಮನಸ್ಯವೂ ಉಳಿಯುತ್ತದೆ. ಜೇನುನೊಣಗಳಿಗೂ, ಕೆರೆಯ ಮೀನಿಗೂ, ಉಮ್ಮತ್ತೂರಿನ ಕುರುಚಲು ಕಾಡಿನಲ್ಲಿ ಮೇಯುವ ಕೃಷ್ಣಮೃಗಗಳಿಗೂ ಇದೇ ಅಪಾಯವು ತಪ್ಪಿದುದಲ್ಲ.

ಬೆಳೆಯ ಔಷಧಿಯ ಘೋರವಾದ ಶಕ್ತಿಯನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. 2018ರ ಡಿಸೆಂಬರ್ 14ರಂದು ಸುಳವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆತ ಪ್ರಸಾದವನ್ನು ತಿಂದು 17 ಜನರು ಮಡಿದುದನ್ನು ಯಾರೂ ಮರೆತಿಲ್ಲ. 2013ರಲ್ಲಿ ಬಿಹಾರದ ಒಂದು ಶಾಲೆಯಲ್ಲಿ ಅಡಿಗೆಯ ಎಣ್ಣೆಗೆ ಇಂತಹದೇ ಔಷಧಿಯು ಸೇರಿದ್ದುದರಿಂದ 23 ಮಕ್ಕಳು ಸತ್ತರು. ಇಂತಹ ಪದಾರ್ಥವನ್ನು ಮನೆಯಲ್ಲಿಡುವವನೂ, ದಾರಿಯಲ್ಲಿ ತರುವವನೂ, ಗಾಳಿಯಲ್ಲಿ ಹಾರಿಸುವವನೂ ಸಮಾನವಾದ ಎಚ್ಚರಿಕೆಯಿಂದಿರಬೇಕು.

ಯಜಮಾನರೂ ಜಮೀನಿನ ಮಾಲೀಕರೂ ಅನುಸರಿಸತಕ್ಕ ಕ್ರಮಗಳು

1. ಯಂತ್ರವನ್ನು ಬಾಡಿಗೆಗೆ ಕರೆಯುವ ಮುನ್ನ ನಡೆಸುವವರ ಪ್ರಮಾಣಪತ್ರವನ್ನು ಕೇಳಿ ನೋಡಬೇಕು. ಔಷಧಿ ಪ್ರಯೋಗದ ತರಬೇತನ್ನು ಪಡೆದಿರುವರೇ ಎಂದೂ, ಬೆರೆಸುವ ಸಹಾಯಕನಿಗೂ ಹೇಳಿಕೊಟ್ಟಿರುವರೇ ಎಂದೂ ವಿಚಾರಿಸಬೇಕು. ಕೇಳಲು ಸಂಕೋಚಪಡಬಾರದು.

2. ಒಂದು ದಿನ ಮುಂಚಿತವಾಗಿ ಪಂಚಾಯಿತಿಗೆ ತಿಳಿಸಿ ಊರಿನಲ್ಲಿ ಸಾರಿಸಬೇಕು. ರೇಷ್ಮೆ ಸಾಕುವವರಿಗೂ ಜೇನು ಸಾಕುವವರಿಗೂ ಮನೆಗೆ ಹೋಗಿ ಹೇಳಬೇಕು. ಅವರು ಬೇಕಾದಷ್ಟು ಸೊಪ್ಪನ್ನು ಮೊದಲೇ ಕೊಯ್ದಿಟ್ಟುಕೊಳ್ಳಲು ಇದರಿಂದ ಅನುಕೂಲವಾಗುತ್ತದೆ. ದನಕುರಿಗಳನ್ನು ಆ ಕಡೆಗೆ ಬಿಡದಂತೆಯೂ, ಬಾವಿ ತೊಟ್ಟಿಗಳನ್ನು ಮುಚ್ಚುವಂತೆಯೂ ಎಚ್ಚರಿಸಬೇಕು.

3. ಔಷಧಿಯ ಡಬ್ಬಿಯ ಮೇಲಿನ ಬಣ್ಣದ ಗುರುತನ್ನು ನೋಡಬೇಕು. ಕೆಂಪು ಅತ್ಯಂತ ವಿಷ, ಹಳದಿ ಹೆಚ್ಚು ವಿಷ, ನೀಲಿ ಮಧ್ಯಮ, ಹಸುರು ಅಲ್ಪ. ಹಸುರು ಗುರುತಿದ್ದರೂ ಅದು ಕುಡಿಯುವ ವಸ್ತುವಲ್ಲ. ಆ ಬೆಳೆಗೆ ಒಪ್ಪಿಗೆಯಾದ ಔಷಧಿಯನ್ನೇ ಬಳಸಬೇಕು.

4. ಗಾಳಿಯನ್ನು ಪರೀಕ್ಷಿಸಬೇಕು. ಎಲೆಗಳು ಮಾತ್ರ ಮೆಲ್ಲಗೆ ಅಲುಗಿದರೆ ಕೆಲಸ ನಡೆಸಬಹುದು. ಎಲೆಗಳೂ ಸಣ್ಣ ಕಡ್ಡಿಗಳೂ ಬಿಡದೆ ಆಡುತ್ತಿದ್ದರೆ ನಿಲ್ಲಿಸಬೇಕು. ಗಾಳಿಯೇ ಇಲ್ಲದೆ ಮಂಜು ನೆಲಕ್ಕೆ ಕವಿದ ಮುಂಜಾನೆಯೂ ಒಳ್ಳೆಯದಲ್ಲ. ಸಣ್ಣ ಹನಿಗಳು ಕೆಳಗಿಳಿಯದೆ ತೇಲಿಕೊಂಡು ಹೋಗುತ್ತವೆ. ನಡುಹಗಲಿನ ಬಿಸಿಲೂ ಬೇಡ. ಗಾಳಿಯು ಹಿಪ್ಪುನೇರಳೆಯ ಕಡೆಗೋ, ಮನೆ, ಶಾಲೆ, ಕೆರೆಗಳ ಕಡೆಗೋ ಬೀಸುತ್ತಿದ್ದರೆ ಅಂದಿನ ಕೆಲಸವನ್ನು ಬಿಡತಕ್ಕದ್ದು.

5. ಬೆರೆಸುವವರು ಕೈಗವಸು, ಮೂಗುಬಾಯಿಗಳ ಮುಸುಕು, ಕನ್ನಡಕ, ಉದ್ದತೋಳಿನ ಅಂಗಿಗಳನ್ನು ಧರಿಸಿ, ಗಾಳಿಯ ಮೇಲುಗಡೆಯಲ್ಲಿ ನಿಂತು ಕೆಲಸ ಮಾಡಬೇಕು. ಕೈಯಿಂದ ಕಲಕಬಾರದು. ಆ ಹೊತ್ತಿನಲ್ಲಿ ಬೀಡಿ, ಎಲೆಯಡಿಕೆ, ತಿಂಡಿ ಯಾವುದೂ ಕೂಡದು.

6. ಯಂತ್ರವನ್ನೂ ತೊಟ್ಟಿಯನ್ನೂ ಕೆರೆಕಾಲುವೆಗಳಲ್ಲಿ ತೊಳೆಯಬಾರದು. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ತೊಟ್ಟಿಗೇ ಸುರಿದು, ಡಬ್ಬಿಯನ್ನು ತೂತು ಮಾಡಿ ಮತ್ತೆ ಬಳಕೆಗೆ ಬಾರದಂತೆ ಮಾಡಬೇಕು. ಅದರಲ್ಲಿ ಎಣ್ಣೆಯನ್ನಾಗಲಿ ಕಾಳನ್ನಾಗಲಿ ಎಂದಿಗೂ ತುಂಬಬಾರದು.

7. ಊದಿದ ಅಥವಾ ಪೆಟ್ಟು ತಿಂದ ಬ್ಯಾಟರಿಗೆ ವಿದ್ಯುತ್ತನ್ನು ತುಂಬಬಾರದು. ಹುಲ್ಲಿನ ಮೆದೆ, ಗೊಬ್ಬರದ ಚೀಲ, ಔಷಧಿಯ ಡಬ್ಬಿಗಳಿರುವ ಕೋಣೆಯಲ್ಲಿ ಬ್ಯಾಟರಿಯನ್ನು ಇಡಬಾರದು.

8. ಔಷಧಿ ತಗುಲಿದವರಿಗೆ ಬೆವರು, ಜೊಲ್ಲು, ವಾಂತಿ, ಕಣ್ಣಿನ ಪಾಪೆ ಕಿರಿದಾಗುವುದು, ಉಸಿರುಕಟ್ಟುವುದು ಮೊದಲಾದುವು ಕಂಡರೆ ಕೂಡಲೆ ಬಟ್ಟೆಯನ್ನು ತೆಗೆಸಿ, ಸಾಬೂನು ನೀರಿನಿಂದ ಮೈ ತೊಳೆಯಬೇಕು. ವೈದ್ಯರು ಹೇಳದೆ ವಾಂತಿ ಮಾಡಿಸಬಾರದು. 108ಕ್ಕೆ ಕರೆಮಾಡಿ, ಔಷಧಿಯ ಡಬ್ಬಿಯನ್ನೋ ಅದರ ಚೀಟಿಯನ್ನೋ ರೋಗಿಯ ಜತೆಯಲ್ಲಿಯೇ ಆಸ್ಪತ್ರೆಗೆ ಒಯ್ಯಬೇಕು. ಯಾವ ವಿಷವೆಂದು ತಿಳಿದರೆ ವೈದ್ಯರ ಕೆಲಸವು ಅರ್ಧ ಆದಂತೆ.

ಮುಕ್ತಾಯ

ಸಂದೇಹ ಬಂದಲ್ಲಿ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನೋ, ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನೋ ವಿಚಾರಿಸಬಹುದು. ಊರಿನ ವಿದ್ಯಾವಂತ ತರುಣರನ್ನೂ ಸಂಘದ ಮಹಿಳೆಯರನ್ನೂ ತರಬೇತಿಗೆ ಕಳುಹಿಸಿದರೆ, ಹೊರಗಿನವರನ್ನು ಕಾಯದೆ ಊರಿನ ಕೆಲಸವು ಊರಿನವರಿಂದಲೇ ನಡೆಯುವುದು. ಯಾವ ಹೊಲದ ಪಕ್ಕದಲ್ಲಿ ಯಾರ ಹುಳುಮನೆಯಿದೆ, ಯಾವ ಬಾವಿಯ ನೀರನ್ನು ಯಾರು ಕುಡಿಯುವರು ಎಂಬುದನ್ನು ಊರಿನವರಷ್ಟು ಚೆನ್ನಾಗಿ ಬೇರಾರೂ ಅರಿಯರು.

ಕೆಲಸಗಾರನಿಗೆ ತರಬೇತು ಕೊಡಿಸುವುದು ಸಂಸ್ಥೆಯ ಕರ್ತವ್ಯ. ತರಬೇತಿಲ್ಲದವನನ್ನು ಹೊಲಕ್ಕೆ ಬಿಡದಿರುವುದು ಮಾಲೀಕರ ಕರ್ತವ್ಯ. ಎರಡೂ ನಡೆದಿವೆಯೇ ಎಂದು ನೋಡುವುದು ಯಜಮಾನರ ಕರ್ತವ್ಯ. ಕಾಸರಗೋಡಿನ ಕಣಿವೆಗಳಲ್ಲಿ ಕೇಳುವವರಿಲ್ಲದೆ ಇಪ್ಪತ್ತು ವರ್ಷಗಳು ಕಳೆದವು. ನಮ್ಮ ಊರುಗಳಲ್ಲಿ ಯಂತ್ರದ ಸದ್ದು ಕೇಳಿದ ಮೊದಲ ದಿನವೇ ಯಜಮಾನರು ಹೊಲದ ಬದುವಿಗೆ ಹೋಗಿ, "ಏನನ್ನು ತುಂಬಿದ್ದೀರಿ? ಎಲ್ಲಿ ಕಲಿತಿರಿ? ಗಾಳಿ ಯಾವ ಕಡೆಗಿದೆ?" ಎಂಬ ಮೂರು ಪ್ರಶ್ನೆಗಳನ್ನು ಕೇಳುವಂತಾಗಲಿ.